ಬಿಳಿ ಟಗರಿನ ಕರಿ ಮರಿ

ನಾಲತವಾಡದ ಅಂಚಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪೀರಬಿ ತನ್ನ ಬಿಳಿ ಟಗರಿನ ಮೈ ತಿಕ್ಕುತ್ತಿದ್ದಾಳೆ. ತಂಗಡಗಿಯ ರೈತ ಗೋವಿಂದ ಬೆದೆಗೆ ಬಂದ ಕುರಿ ಹೊಡೆದುಕೊಂಡು ಬಂದಿದ್ದಾನೆ. ಆಕೆಯ ಮೊದಲ ಮಾತು: "ಇದರ ತಾಯಿ ಯಾವ ಬಣ್ಣದ್ದರಿ?"

ಗೋವಿಂದ ತಲೆ ಕೆರೆದುಕೊಳ್ಳುತ್ತಾನೆ. ಟಗರಿನ ಅಪ್ಪ-ಅಜ್ಜರನ್ನು ವಿಚಾರಿಸಿಕೊಂಡೇ ಬಂದವನು ಅವನು. ಕುರಿಯ ತಾಯಿಯನ್ನು ಯಾರು ನೆನಪಿಟ್ಟಿರುತ್ತಾರೆ? ಹೆಣ್ಣು ನೋಡಲು ಹೋದಾಗ 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎನ್ನುವ ಜನ ಕುರಿಸಂತೆಯಲ್ಲಿ ಅದನ್ನು ಮರೆತೇಬಿಡುತ್ತಾರೆ.

ಗಂಡ ದಾವಲಮಲಿಕ ತೀರಿಕೊಂಡು ಒಂಬತ್ತು ವರ್ಷ. ಅವನು ಬಿಟ್ಟುಹೋದ ಟಗರಿನ ತಳಿಯೇ ಪೀರಬಿಯ ಅನ್ನ. ಬಣ್ಣ ಹಾಕಲು ಬಿಳಿ ಉಣ್ಣೆಯೇ ಬೇಕು, ಹಾಗಾಗಿ ಟಗರಿಗೆ ಕೂಡಿಸಲು ದಿನಕ್ಕೆ ನಾಲ್ಕೈದು ಕುರಿ ಬರುತ್ತಿದ್ದವು. ಈಗ ಒಂದು ಬಂದರೆ ಹೆಚ್ಚು.

ಕಾರಣ ಯಾಕೂಬಸಾಬ. ಹೋದ ವರ್ಷ, ೧೯೬೧ರಲ್ಲಿ, ಪೀರಬಿಯ ಟಗರಿಗೆ ಕೂಡಿಸಿದ್ದ ಈ ಕುರಿಗಾರನ ಬಿಳಿ ಕುರಿ ಕರಿ ಮರಿ ಹಾಕಿತು. ಬಿಳಿಗೆ ಬಿಳಿ ಕೂಡಿದರೆ ಕರಿ ಹೇಗೆ? ಬೇರೆ ಟಗರು ಬೇಲಿ ಹಾರಿದೆ, ಪೀರಬಿ ಮುಚ್ಚಿಡುತ್ತಿದ್ದಾಳೆ ಎಂದು ಅವನು ಸಂತೆಯಲ್ಲಿ ನಿಂತು ಸಾರಿದ. ಗಂಡಸಿಲ್ಲದ ಮನೆಯ ಬೇಲಿಯನ್ನು ಇನ್ನೂ ಯಾರ್ಯಾರು ಹಾರುತ್ತಾರೋ ಎಂದು ನಕ್ಕವರೂ ಇದ್ದರು. ಟಗರಿನ ಮೇಲೆ ಎದ್ದ ಮಾತು ಹೆಂಗಸಿನ ಮೇಲೆ ಬರಲು ಎಷ್ಟು ಹೊತ್ತು?

ಈ ಸಂಗತಿಯನ್ನು ಪತ್ರಿಕೆಗೆ ಬರೆದುಕೊಳ್ಳಲು ಬಂದವರ ಮೇಲೂ ಆಕೆಗೆ ಗುಮಾನಿ. ಕಾಗದ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ ಮೇಲೆಯೇ ಬಾಯಿ ಬಿಡುತ್ತಾಳೆ. ಉಣ್ಣೆಯ ಎರಡು ಎಳೆ ಹೊಸೆದು ತೋರಿಸುತ್ತಾಳೆ. "ಒಂದೆಳಿ ತಾಯಿದು, ಒಂದೆಳಿ ತಂದೀದು. ಬಿಳಿ ಎಳಿ ಒಂದಿದ್ರೂ ಮೈ ಬಿಳೀನ ಕಾಣ್ತೈತಿ. ಕರಿದು ಒಳಗ ಕುಂತಿರ್ತೈತ್ರಿ. ಎರಡೂ ಕಡಿಂದ ಕರಿ ಎಳಿನ ಬಂದ್ರ ಮರಿ ಕರಿ."

ತನ್ನ ಟಗರಿನ ತಾಯಿ ಕರಿಯದೆಂಬುದನ್ನು ಆಕೆ ಯಾರಿಗೂ ಮುಚ್ಚಿಟ್ಟಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಕರಿ ತಾಯಿಗೆ ಹುಟ್ಟಿದ ಬಿಳಿ ಕುರಿಗಳಿಗೆ ಈ ಟಗರಿನಿಂದ ಇದುವರೆಗೆ ನಲವತ್ತು ಮರಿ, ಅದರಲ್ಲಿ ಹನ್ನೊಂದು ಕರಿ. ಎಲ್ಲ ಬಾಯಿಲೆಕ್ಕ. ಯಾಕೂಬಸಾಬನ ಕುರಿಯ ತಾಯಿಯೂ ಕರಿಯದೇ, ಅವನ ದೊಡ್ಡಿಯಲ್ಲೇ ಮೇಯುತ್ತಿದೆ.

ಅವನು ನಂಬಲಿಲ್ಲ. ಅದೇ ಕುರಿಯನ್ನು ಮತ್ತೆ ತಂದ. ಬೇಲಿಯ ಮುಳ್ಳನ್ನು ತಾನೇ ಬಿಗಿದು, ಈ ಮನೆಯ ನೀರನ್ನೂ ಮುಟ್ಟದೆ, ಕುರಿಯ ಬೆದೆ ಇಳಿಯುವ ತನಕ ಎರಡು ದಿನ ಕಣ್ಣು ಮಿಟುಕಿಸದೆ ಕಾದ. ಆಮೇಲೆ ಅದನ್ನು ತನ್ನ ಮನೆಯೊಳಗೇ ಕಟ್ಟಿಹಾಕಿದ. ಐದು ತಿಂಗಳಿಗೆ ಅವಳಿ ಮರಿ: ಒಂದು ಬಿಳಿ, ಒಂದು ಕರಿ.

ಮರುದಿನ ಯಾಕೂಬಸಾಬ ಹೆಂಡತಿ ಮೆಹರಾಜಳ ಕೈಯಲ್ಲಿ, ಹಿಂದಿನ ಓಣಿಯಿಂದ, ಒಂದು ಬಟ್ಟಲು ಗಿಣ್ಣ ಕಳಿಸಿದ. ಪೀರಬಿ ಮೆಹರಾಜಳನ್ನು ಕೂರಿಸಿ, ನೀರು ಕೊಟ್ಟು, ಬಟ್ಟಲನ್ನು ಹಾಗೆಯೇ ವಾಪಸು ಕೊಟ್ಟಳು.

"ಗಿಣ್ಣ ಬ್ಯಾಡ್ರಿ ನನಗ, ಮಾಫಿನೂ ಬ್ಯಾಡ" ಎನ್ನುತ್ತಾಳೆ. "ಸಂತ್ಯಾಗ ನಿಂತು ಅಂದಾನ. ಸಂತ್ಯಾಗನ ನಿಂತು ಅದು ಸುಳ್ಳು ಅಂತ ಹೇಳ್ಲಿ. ಅಷ್ಟ ಸಾಕ್ರಿ."