ತೌಡಿನ ಭರಣಿ

ಹೆದರುವುದಕ್ಕೆ ಶರ್ಮಿಳಾಳಿಗೆ ಕಾರಣ ಬೇಕೆಂದೇನೂ ಇರಲಿಲ್ಲ. ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಹೆದರಿಕೆ, ಇನ್ನೊಬ್ಬರು ಇದ್ದರೆ ಇನ್ನೂ ಹೆಚ್ಚು ಹೆದರಿಕೆ. ಮೆಟ್ರೋದಲ್ಲಿ ಏನಾದರೂ ಜಗಿದರೆ ದಂಡ ಹಾಕುತ್ತಾರೆಂದು ಯಾರೋ ಹೇಳಿದ ಮೇಲೆ, ಬಾಯಲ್ಲಿದ್ದ ಏಲಕ್ಕಿಯನ್ನು ಇಡಿಯಾಗಿ ನುಂಗಿಯೇ ರೈಲು ಹತ್ತುತ್ತಿದ್ದಳು. ಮದುವೆಯಾಗಿ ಮುಲ್ಕಿಯಿಂದ ದುಬೈಗೆ ಬಂದು ಮಗಳು ಕಾಲೇಜು ಸೇರುವಷ್ಟು ಕಾಲವಾಗಿದ್ದರೂ, ಪೊಲೀಸ್ ಕಾರು ಪಕ್ಕದಲ್ಲಿ ಹಾದರೆ ಬ್ಯಾಗಿನಲ್ಲಿ ಎಮಿರೇಟ್ಸ್ ಐಡಿ ಇದೆಯೇ ಎಂದು ತಡವಿ ನೋಡಿಕೊಳ್ಳುತ್ತಿದ್ದಳು. ಅವಳ ಗಂಡ ತಿಲಕ್, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ದುಬೈಯಲ್ಲಿ ಯಾರಿಗೆ ಭಯ ಕಡಿಮೆ ಬಿದ್ದರೂ ನಮ್ಮ ಮನೆಗೆ ಬನ್ನಿ, ಸ್ಟಾಕ್ ಉಂಟು ಎಂದು ಅವನು ಗೆಳೆಯರ ಮುಂದೆ ಹೇಳಿ ನಗಿಸುತ್ತಿದ್ದ.

ಇಂಥವಳಿಗೆ ಜಪಾನಿನವರ ಮನೆಯಲ್ಲಿ ಕೆಲಸ ಸಿಕ್ಕಿದ್ದು ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು.

ಜುಮೇರಾದ ಆ ವಿಲ್ಲಾದಲ್ಲಿ ಇದ್ದವರು ಇಬ್ಬರೇ. ಯಜಮಾನರಿಗೆ ಅಬುಧಾಬಿಯ ಕಂಪನಿಯಲ್ಲಿ ಕೆಲಸ, ಮನೆಗೆ ಬರುವುದು ವಾರದ ಕೊನೆಗೆ. ಉಳಿದ ದಿನ ಸೆತ್ಸುಕೊ ಮೇಡಂ ಒಬ್ಬರೇ. ಅರವತ್ತರ ಹತ್ತಿರದ, ದನಿ ಎತ್ತಿ ಗೊತ್ತಿಲ್ಲದ ಹೆಂಗಸು. ಆಕೆಯ ಮೆದು ಮಾತೇ ಶರ್ಮಿಳಾಳಿಗೆ ಮೊದಲ ಭಯ. ಬೈಯುವ ಯಜಮಾನಿಯ ಮನಸ್ಸು ಗೊತ್ತಾಗುತ್ತದೆ, ಬೈಯದವಳದ್ದು ಹೇಗೆ ಗೊತ್ತಾಗಬೇಕು? ಮೇಡಂ ಹೊರಗಿನಿಂದ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವನ್ನು ಬೀದಿಯ ಕಡೆಗೆ ತಿರುಗಿಸಿಟ್ಟು, ಯಾರೂ ಇಲ್ಲದ ಮನೆಗೆ “ತದೈಮಾ” ಎನ್ನುತ್ತಿದ್ದರು. ಬಂದೆ ಎಂದು ಮನೆಗೆ ಹೇಳುವುದಂತೆ. ಯಾರಿಗೆ ಹೇಳುತ್ತಾರೋ, ಯಾರು ಕೇಳಿಸಿಕೊಳ್ಳುತ್ತಾರೋ ಎಂದು ಶರ್ಮಿಳಾ ಅಡುಗೆಮನೆಯಲ್ಲಿ ಮೈ ಚಳಿಯಾಗಿ ನಿಲ್ಲುತ್ತಿದ್ದಳು. ಫೋನಿನಲ್ಲಿ ಮಾತಾಡುವಾಗ ಎದುರಿಗಿರದವರಿಗೂ ಸೊಂಟ ಬಗ್ಗಿಸಿ ನಮಸ್ಕಾರ. ತಟ್ಟೆ ಮುಂದಿಟ್ಟರೆ ಅನ್ನಕ್ಕೂ ಕೈಮುಗಿಯುವುದು. ಇದೊಂದು ಮಾತ್ರ ಅವಳಿಗೆ ಹಿಡಿಸಿತ್ತು.

ಆಮೇಲೆ ಆ ಗೊಂಬೆ. ಬಿಳಿ ಬಟ್ಟೆಯ ಪುಟ್ಟ ಬೋಳುತಲೆಯ ಗೊಂಬೆ, ಕುತ್ತಿಗೆಗೆ ದಾರ ಕಟ್ಟಿ ಕಿಟಕಿಯಲ್ಲಿ ತೂಗುಹಾಕಿದ್ದು. ಮೊದಲ ದಿನ ನೋಡಿದವಳೇ ಊರಿನ ದೈವ ಗುಳಿಗನ ಹೆಸರು ಹೇಳಿಕೊಂಡಳು. ಮಳೆ ಬೇಡವಾದರೆ ಜಪಾನಿನ ಮಕ್ಕಳು ಅದನ್ನು ಕಿಟಕಿಗೆ ಕಟ್ಟುತ್ತಾರೆ, ಮಳೆ ಬೇಕಾದರೆ ತಲೆಕೆಳಗು ಮಾಡುತ್ತಾರೆ ಎಂದು ಮೇಡಂ ವಿವರಿಸಿದರು. ಇಬ್ಬರದೂ ಹರಕುಮುರುಕು ಇಂಗ್ಲಿಷ್, ನಡುನಡುವೆ ಕೈಸನ್ನೆ. ಊರಿನ ಮಳೆ ನೆನಪಾಗಿ ಒಂದು ಸಲ ಮೇಡಂ ಆ ಗೊಂಬೆಯನ್ನು ತಲೆಕೆಳಗಾಗಿ ಕಟ್ಟಿದರು. ಅದು ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲ್. ಆ ತಿಂಗಳು ದುಬೈಯಲ್ಲಿ ಸುರಿದ ಮಳೆಗೆ ಇಂಟರ್‌ನ್ಯಾಷನಲ್ ಸಿಟಿಯ ರಸ್ತೆಗಳಲ್ಲಿ ಕಾರುಗಳು ಮುಳುಗಿದವು, ಶರ್ಮಿಳಾಳ ಕಟ್ಟಡದ ಕೆಳಗಿನ ಅಂಗಡಿಯ ಅಕ್ಕಿಮೂಟೆಗಳು ತೇಲಿದವು. ಅಂದಿನಿಂದ ಆ ಕಿಟಕಿ ಒರೆಸುವಾಗ ಅವಳು ಗೊಂಬೆಗೆ ಬಟ್ಟೆ ತಾಗದ ಹಾಗೆ ಒರೆಸುತ್ತಾಳೆ.

ಆದರೆ ಇವೆಲ್ಲ ಸಣ್ಣ ಹೆದರಿಕೆಗಳು. ದೊಡ್ಡದು ಅಡುಗೆಮನೆಯ ಮೂಲೆಯಲ್ಲಿ, ಕಂದು ಬಣ್ಣದ ಒಂದು ಭರಣಿಯಲ್ಲಿ ಕೂತಿತ್ತು.

ಭರಣಿಯ ತುಂಬ ತೌಡು. ಊರಲ್ಲಿ ದನಕ್ಕೆ ಕಲಸಿ ಇಡುವ ಅದೇ ತೌಡನ್ನು ಹುರಿದು, ಉಪ್ಪುನೀರು ಬೆರೆಸಿ, ಹುಳಿ ಬರಿಸಿ, ಅದರೊಳಗೆ ಸೌತೆಕಾಯಿ, ಮೂಲಂಗಿ ಹೂತಿಡುವುದು. ಮರುದಿನ ತೆಗೆದು ತೊಳೆದರೆ ಅದೇ ಅವರ ಉಪ್ಪಿನಕಾಯಿ. ಸೌತೆಕಾಯಿ ದಿನದಿನಕ್ಕೆ ಹೊಸದು, ತೌಡು ಮಾತ್ರ ಹಳೆಯದು. ಮೇಡಂನ ಅಜ್ಜಿ ಶುರು ಮಾಡಿದ್ದು, ತಾಯಿ ಬೆಳೆಸಿದ್ದು. ಮದುವೆಯಾಗಿ ಹೊರಟಾಗ ತಾಯಿ ಅದರಿಂದ ಒಂದು ಪಾಲು ತೆಗೆದು ಮಗಳ ಕೈಗೆ ಕೊಟ್ಟಿದ್ದರು. ಮೇಡಂ ದಿನಾ ಬೆಳಿಗ್ಗೆ ಅಂಗಿಯ ತೋಳು ಮಡಚಿ ಬರಿಗೈಯನ್ನು ತಳದ ತನಕ ಇಳಿಸಿ, ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಮಾಡುತ್ತಿದ್ದರು. ತಾಯಿಯ ಕೈಗೆ ಯಾವಾಗಲೂ ಈ ವಾಸನೆ ಇತ್ತು, ಸ್ಕೂಲಿಗೆ ಕೈಹಿಡಿದು ಕರೆದುಕೊಂಡು ಹೋಗುವಾಗ ನನಗೆ ನಾಚಿಕೆಯಾಗುತ್ತಿತ್ತು ಎಂದು ಒಮ್ಮೆ ಹೇಳಿ ನಕ್ಕಿದ್ದರು.

ಶರ್ಮಿಳಾಳಿಗೆ ಅದನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಅವಳನ್ನು ಬೆಳೆಸಿದವರು ಅಜ್ಜಿ ಅಮ್ಮಣ್ಣಿ. ಅಜ್ಜಿಯ ಮಿಡಿ ಉಪ್ಪಿನಕಾಯಿಗೆ ಮುಲ್ಕಿಯಲ್ಲಿ ಹೆಸರಿತ್ತು, ಅಜ್ಜಿಯ ಕಟ್ಟಳೆಗಳಿಗೆ ಅದಕ್ಕಿಂತ ದೊಡ್ಡ ಹೆಸರು. ಭರಣಿಗೆ ಕೈ ಹಾಕಬಾರದು, ಒಣಗಿದ ಮರದ ಸೌಟೇ ಆಗಬೇಕು. ಸುಮ್ಮಸುಮ್ಮನೆ ತೆರೆಯಬಾರದು. ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಡಬೇಕು. ಹೊರಗಾದ ಹೆಂಗಸು ಅದರ ಹತ್ತಿರವೂ ಸುಳಿಯಬಾರದು, ಸುಳಿದರೆ ಹುಳ ಬೀಳುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಒದ್ದೆ ಕೈಯಲ್ಲಿ ಮಿಡಿ ತೆಗೆದದ್ದಕ್ಕೆ ಅಜ್ಜಿ ಇಡೀ ಭರಣಿಯನ್ನು ತೆಂಗಿನ ಬುಡಕ್ಕೆ ಸುರಿದು, ಆಮೇಲೆ ಅವಳತ್ತ ತಿರುಗಿ ನೋಡಿದ ನೋಟ ಈಗಲೂ ಕನಸಿಗೆ ಬರುತ್ತದೆ.

ಆಗಸ್ಟಿನಲ್ಲಿ ಜಪಾನಿನಿಂದ ಫೋನ್ ಬಂತು. ಮೇಡಂನ ತಾಯಿ ಆಸ್ಪತ್ರೆ ಸೇರಿದ್ದರು. ಗಂಡ ಹೆಂಡತಿ ಇಬ್ಬರೂ ಹೊರಟರು. ಹೊರಡುವ ಅವಸರದಲ್ಲೂ ಮೇಡಂ ಶರ್ಮಿಳಾಳನ್ನು ಭರಣಿಯ ಮುಂದೆ ನಿಲ್ಲಿಸಿ ಹೇಳಿಕೊಟ್ಟರು: ದಿನಾ ಬಂದು ಕೈ ಹಾಕಿ ತಳದಿಂದ ಮಗುಚು. ಅಡುಗೆಮನೆಯ ಎಸಿ ಆರಿಸಬೇಡ. ಒಂದು ವೇಳೆ ಮೇಲೆ ಬಿಳಿ ಬಂದರೆ ಗಾಬರಿಯಾಗಬೇಡ, ಅದನ್ನು ತೆಗೆದು ಉಪ್ಪು, ಹೊಸ ತೌಡು ಹಾಕಿ ಮಗುಚು. ಶರ್ಮಿಳಾ ಎಲ್ಲದಕ್ಕೂ ತಲೆಯಾಡಿಸಿದಳು.

ತಲೆಯಾಡಿಸಿದವಳು ಮಾಡಿದ್ದೇ ಬೇರೆ. ಈ ಕೆಲಸಕ್ಕೆ ಸೇರಿದ ಮೇಲೆ ಅವಳ ವೀಸಾ ಮೇಡಂನ ಹೆಸರಿಗೆ ಬದಲಾಗಿತ್ತು. ಉಪ್ಪಿನಕಾಯಿ ಕೆಟ್ಟರೆ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ ಹೋಯಿತು. ಇಂಥ ಹೊತ್ತಿನಲ್ಲಿ ಎಂದೂ ಕೆಡದ ಅಜ್ಜಿಯ ದಾರಿಯನ್ನು ಬಿಟ್ಟು ಬರಿಗೈ ಹಾಕುವುದೆಂದರೇನು? ಪಾಪ, ಮೇಡಂಗೆ ಉಪ್ಪಿನಕಾಯಿಯ ಸೂಕ್ಷ್ಮ ಗೊತ್ತಿಲ್ಲ ಎಂದು ತೀರ್ಮಾನಿಸಿದಳು. ಭರಣಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿ, ಎತ್ತಿ, ಸ್ಟೋರ್ ರೂಮಿನ ಕತ್ತಲಲ್ಲಿಟ್ಟಳು. ಅಲ್ಲಿ ಎಸಿ ಇರಲಿಲ್ಲ. ದಿನಾ ಬಂದು ಮನೆ ಗುಡಿಸಿ, ಸ್ಟೋರ್ ರೂಮಿನ ಬಾಗಿಲಿಂದಲೇ ಇಣುಕಿ, ಬಟ್ಟೆ ಸಡಿಲವಾಗಿಲ್ಲವೆಂದು ನೋಡಿ ಹೋಗುತ್ತಿದ್ದಳು. ಅಷ್ಟರಲ್ಲಿ ಅವಳು ಹೊರಗಾದಳು. ಆಮೇಲೆ ಇಣುಕುವುದನ್ನೂ ಬಿಟ್ಟಳು.

ಆ ದಿನಗಳಲ್ಲೇ, ಅವಳು ವಿಲ್ಲಾ ಗುಡಿಸುತ್ತಿದ್ದಾಗ, ಮೇಡಂ ಫೋನ್ ಮಾಡಿದರು. ಭರಣಿ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದಳು ಶರ್ಮಿಳಾ. ದಿನಾ ಮಗುಚುತ್ತಿದ್ದೀಯಾ ಎಂದರು. ಹೌದು ಎಂದಳು. ಆಮೇಲೆ ಮೇಡಂ ಎಂದಿನ ಮೆದು ದನಿಯಲ್ಲೇ ಹೇಳಿದರು.

“ಅಮ್ಮ ಹೋದರು, ಶರ್ಮಿಳಾ. ಅವರು ಆಸ್ಪತ್ರೆಯಲ್ಲಿದ್ದಾಗ ತಮ್ಮನ ಹೆಂಡತಿ ಮನೆ ಕ್ಲೀನ್ ಮಾಡುವಾಗ ಅವರ ಭರಣಿಯನ್ನು ವಾಸನೆ ಎಂದು ಎಸೆದುಬಿಟ್ಟಿದ್ದಾಳೆ. ಈಗ ಉಳಿದಿರುವುದು ನಿನ್ನ ಹತ್ತಿರ ಇರುವುದು ಮಾತ್ರ. ಅಮ್ಮನ ಕೈ ಇರುವುದು ಅದರಲ್ಲೇ.”

ಶರ್ಮಿಳಾ ಫೋನ್ ಇಟ್ಟವಳೇ ಸ್ಟೋರ್ ರೂಮಿಗೆ ಓಡಿದಳು. ಬಾಗಿಲು ತೆರೆದಾಗ ಬೇಗೆ ಮುಖಕ್ಕೆ ಬಡಿಯಿತು. ಬಟ್ಟೆ ಬಿಚ್ಚಿದರೆ ನೇಲ್ ಪಾಲಿಷ್ ಶೀಶೆ ಚೆಲ್ಲಿದಂಥ ಕಟು ವಾಸನೆ. ತೌಡು ಕಾಣಿಸುತ್ತಲೇ ಇರಲಿಲ್ಲ. ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ ಬಿಳಿ ಪದರ ಭರಣಿಯ ಅಂಚಿನಿಂದ ಅಂಚಿಗೆ ಹಬ್ಬಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ವೀಸಾ, ಕೆಲಸ ಯಾವುದೂ ಆಗ ನೆನಪಿಗೆ ಬರಲಿಲ್ಲ. ಸತ್ತ ತಾಯಿಯನ್ನು ಇನ್ನೊಮ್ಮೆ ಸಾಯಿಸಿದೆ ಎಂಬ ಒಂದೇ ಭಯ ಉಳಿದಿತ್ತು.

ಅಲ್ಲಿಂದಲೇ ನಸೀಮಳಿಗೆ ಫೋನ್ ಮಾಡಿದಳು. ನಸೀಮ ಉಳ್ಳಾಲದ ಬ್ಯಾರಿ ಹೆಂಗಸು, ಅವರ ಕಟ್ಟಡದಲ್ಲೇ ಮೇಲಿನ ಫ್ಲಾಟಿನವಳು. ಶರ್ಮಿಳಾಳ ಅರ್ಧ ಭಯಗಳನ್ನು ಚಹಾದ ಜೊತೆ ಕುಡಿದು ಮುಗಿಸಿದವಳು. ಎಲ್ಲ ಕೇಳಿ, ಜಪಾನಿ ಅಂಗಡಿಯಲ್ಲಿ ಅದೇ ತೌಡು ರೆಡಿ ಸಿಗುತ್ತದಂತೆ, ಹಳೆಯದನ್ನು ಎಸೆದು ಹೊಸದು ತುಂಬಿಸು, ಖಲಾಸ್, ಯಾರಿಗೆ ಗೊತ್ತಾಗುತ್ತದೆ ಎಂದಳು. ಶರ್ಮಿಳಾಳಿಗೂ ಒಂದು ಗಳಿಗೆ ಅದೇ ಸರಿಯೆನಿಸಿತು. ಆದರೆ ಮೇಡಂ ಆ ಅಂಗಡಿಯ ತೌಡಿನ ಮುಂದೆ ಕೂತು, ತಾಯಿಯ ಕೈ ಎಂದು ಕೈಮುಗಿದು ತಿನ್ನುವುದು ಕಣ್ಣಿಗೆ ಕಟ್ಟಿತು. ಅದನ್ನು ನೋಡುತ್ತ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಹೆದರುಪುಕ್ಕಲಿಯಾಗಿದ್ದಕ್ಕೆ ಅವಳು ಕಳ್ಳಿಯಾಗಲಿಲ್ಲ ಎಂದರೂ ತಪ್ಪಲ್ಲ.

ಉಳಿದದ್ದು ಮಗುಚುವ ದಾರಿ. ಆದರೆ ಇವತ್ತು ಕೈ ಹಾಕುವ ಹಾಗಿಲ್ಲ, ಕೈ ಹಾಕದೆ ಇನ್ನೊಂದು ದಿನ ಬಿಟ್ಟರೆ ಈ ಬೇಗೆಗೆ ತಳವೂ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಹೊರಗಾಗಿದ್ದೇನೆ, ಅಜ್ಜಿ ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ಫೋನಿನಲ್ಲೇ ಅತ್ತಳು.

“ನಮ್ಮಲ್ಲಿ ಆ ದಿನಕ್ಕೆ ನಮಾಜಿಗೆ ರಜೆ ಉಂಟು, ಅಡುಗೆಗೆ ರಜೆ ಇಲ್ಲ” ಎಂದಳು ನಸೀಮ. “ನಿನ್ನ ಅಜ್ಜಿಗೆ ಇಲ್ಲಿಗೆ ಬರ್ಲಿಕ್ಕೆ ವೀಸಾ ಇಲ್ಲ ಮಾರಾಯ್ತಿ. ನೀನು ಕೈ ಹಾಕು.”

ಶರ್ಮಿಳಾ ಭರಣಿಯನ್ನು ಅಪ್ಪಿ ಹಿಡಿದು ಅಡುಗೆಮನೆಯ ತಂಪಿಗೆ ತಂದಳು. ಬಿಳಿ ಪದರವನ್ನೂ ಅದರ ಕೆಳಗೆ ಕಪ್ಪಾದದ್ದನ್ನೂ ಕೆರೆದು ತೆಗೆದಳು. ಕೈ ತೊಳೆದು, ಒರೆಸಿ, ಅಜ್ಜೀ ತಪ್ಪಾಯ್ತು ಎಂದು ಗಟ್ಟಿಯಾಗಿಯೇ ಹೇಳಿ, ಕಣ್ಣು ಮುಚ್ಚಿ ಕೈ ಇಳಿಸಿದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎನ್ನುತ್ತಾರೆ. ಅವಳಿಗೆ ಇಳಿದ ಮೇಲೂ ಚಳಿ ಬಿಡಲಿಲ್ಲ. ಬೆರಳಿಗೆ ಏನು ತಾಗಿದರೂ ಹುಳವೆಂದೇ ಅನಿಸಿತು. ಮೊಣಕೈ ತನಕ ಇಳಿದ ಮೇಲೆ ತಳ ಸಿಕ್ಕಿತು. ಅಲ್ಲಿಂದ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ತಂದಳು. ಹಳದಿಯಾಗಿತ್ತು, ಹುಳಿ ಬಂದ ದೋಸೆಹಿಟ್ಟಿನ ವಾಸನೆಯಿತ್ತು. ತಳದಲ್ಲಿ ಇನ್ನೂ ಜೀವ ಇತ್ತು.

ಅಲ್ಲಿಂದ ಮುಂದೆ ದಿನಾ ಅದೇ ಕೆಲಸ. ಹೊಸ ತೌಡು, ಉಪ್ಪು, ಒಂದೆರಡು ಕೋಸಿನ ಎಲೆ, ತಳದಿಂದ ಮಗುಚುವುದು, ಮೂಸುವುದು, ಮೂಸಿ ಹೆದರುವುದು. ಕಟು ವಾಸನೆ ಒಂದು ದಿನ ಕಡಿಮೆಯಾದರೆ ಮರುದಿನ ಮತ್ತೆ ಬಂದ ಹಾಗಾಗುತ್ತಿತ್ತು. ಸೋಪು ಹಾಕಿದರೂ ನಿಂಬೆಹುಳಿ ಉಜ್ಜಿದರೂ ಅವಳ ಕೈಯ ವಾಸನೆ ಹೋಗಲಿಲ್ಲ. ದಿನವೂ ನಾಲ್ಕಾರು ಜನ ಬಾಡಿಗೆ ಹಂಚಿಕೊಂಡು ಹೋಗುವ ಕಾರಿನಲ್ಲಿ ಪಕ್ಕದವರು ಕಿಟಕಿ ಇಳಿಸಿದರು. ಏನು, ದುಬೈಯಲ್ಲಿ ದನದ ಹಟ್ಟಿ ಇಟ್ಟಿದ್ದೀಯಾ ಎಂದು ತಿಲಕ್ ಕೇಳಿದ.

ಮೇಡಂ ಬಂದದ್ದು ಒಂದು ಮಧ್ಯಾಹ್ನ, ಕಪ್ಪು ಉಡುಪಿನಲ್ಲಿ, ಮೊದಲಿಗಿಂತ ಕುಗ್ಗಿದ ಹಾಗೆ ಕಾಣುತ್ತ. ಚಪ್ಪಲಿ ತಿರುಗಿಸಿಟ್ಟು, ಮನೆಗೆ ಬಂದೆ ಎಂದು ಹೇಳಿ, ನೇರವಾಗಿ ಊಟದ ಮೇಜಿನ ಮುಂದೆ ಕೂತರು. ಶರ್ಮಿಳಾ ಅನ್ನದ ಜೊತೆ ತೌಡಿನಿಂದ ತೆಗೆದ ಸೌತೆಕಾಯಿಯ ಹೋಳುಗಳನ್ನಿಟ್ಟು ಗೋಡೆಗೆ ಒತ್ತಿಕೊಂಡು ನಿಂತಳು. ಮೇಡಂ ಕೈಮುಗಿದು, ಒಂದು ಹೋಳು ಬಾಯಿಗಿಟ್ಟು, ಬಹಳ ಹೊತ್ತು ಅಗಿದರು.

“ರುಚಿ ಬೇರೆ ಆಗಿದೆ” ಎಂದರು.

ಶರ್ಮಿಳಾಳ ನಾಲಿಗೆ ತಾನಾಗಿಯೇ ಹೊರಳತೊಡಗಿತು. ಬಟ್ಟೆ ಕಟ್ಟಿದ್ದು, ಸ್ಟೋರ್ ರೂಮಿನಲ್ಲಿಟ್ಟದ್ದು, ಬಿಳಿ ಪದರ, ಫೋನಿನಲ್ಲಿ ಹೇಳಿದ ಸುಳ್ಳು, ಹೊರಗಾದ ದಿನ ಕೈ ಹಾಕಿದ್ದು, ಕಪ್ಪಾದ ಮೇಲಿನ ಪಾಲನ್ನು ತೆಗೆದು ಎಸೆದದ್ದು. ಇಂಗ್ಲಿಷ್ ಸಾಲದ ಕಡೆ ಹಿಂದಿ, ಹಿಂದಿ ಸಾಲದ ಕಡೆ ತುಳು. ತುಳು ಮೇಡಂಗೆ ಅರ್ಥವಾಗದಿದ್ದರೂ ಅಳು ಅರ್ಥವಾಗಿರಬೇಕು. ಕೈಗಳೆರಡನ್ನೂ ಅವಳು ಶಾಲಿನೊಳಗೆ ಬಚ್ಚಿಟ್ಟುಕೊಂಡಿದ್ದಳು.

ಮೇಡಂ ಎದ್ದು ಬಂದರು. ಕೈ ತೋರಿಸು ಎಂದರು. ಬೆತ್ತದೇಟಿಗೆ ಕೈ ಚಾಚುವ ಮಗುವಿನ ಹಾಗೆ ಶರ್ಮಿಳಾ ಬಲಗೈ ಮುಂದಿಟ್ಟಳು. ಮೇಡಂ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು ಮೂಸಿದರು. ಮತ್ತೆ ಮೂಸಿದರು. ಆಮೇಲೆ ಆ ಅಂಗೈಯಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಅತ್ತದ್ದನ್ನು ಶರ್ಮಿಳಾ ಕೇಳಿರಲಿಲ್ಲ. ಕೈ ಒದ್ದೆಯಾದರೂ ಹಿಂದಕ್ಕೆಳೆಯದೆ ನಿಂತಿದ್ದಳು.

ಸಂಜೆ ಮನೆಗೆ ಹೊರಟಾಗ ಮೇಡಂ ಉಳಿದಿದ್ದ ತೌಡಿನಲ್ಲಿ ಅರ್ಧವನ್ನು ಒಂದು ಡಬ್ಬಿಗೆ ತುಂಬಿ ಅವಳ ಕೈಗೆ ಕೊಟ್ಟರು. ಶರ್ಮಿಳಾ ಬೇಡವೆಂದು ಹಿಂದೆ ಸರಿದಳು. ತನ್ನಿಂದಾಗದು, ತನಗೆ ಹೆದರಿಕೆ ಎಂದಳು.

“ನನಗೂ ಹೆದರಿಕೆ” ಎಂದರು ಮೇಡಂ. “ಒಂದೇ ಮನೆಯಲ್ಲಿದ್ದರೆ ಒಂದು ದಿನ ಹೋಗಿಬಿಡುತ್ತದೆ. ನಿನ್ನಲ್ಲಿಯೂ ಇರಲಿ.”

ಈಗ ಇಂಟರ್‌ನ್ಯಾಷನಲ್ ಸಿಟಿಯ ಆ ಚಿಕ್ಕ ಅಡುಗೆಮನೆಯಲ್ಲಿ ಮುಲ್ಕಿಯ ಮಿಡಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲೇ ತೌಡಿನ ಡಬ್ಬಿಯಿದೆ. ಒಂದಕ್ಕೆ ಕೈ ತಾಗಿದರೆ ಕೆಡುತ್ತದೆ, ಇನ್ನೊಂದಕ್ಕೆ ತಾಗದಿದ್ದರೆ ಕೆಡುತ್ತದೆ. ಶರ್ಮಿಳಾ ಎರಡಕ್ಕೂ ಹೆದರುತ್ತಾಳೆ, ಮಿಡಿಗೆ ಇವತ್ತಿಗೂ ಒಣ ಸೌಟನ್ನೇ ಹಾಕುತ್ತಾಳೆ. ಆದರೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ದಿನ ಯಾವುದೇ ಇರಲಿ, ತೋಳು ಮಡಚಿ ತೌಡಿಗೆ ಕೈ ಇಳಿಸುತ್ತಾಳೆ. ಆಮೇಲೆ ಕೈ ತೊಳೆದು, ಒರೆಸಿ, ವಾಸನೆ ಉಳಿದಿದೆಯೇ ಎಂದು ಒಮ್ಮೆ ಮೂಸಿ ನೋಡಿಕೊಳ್ಳುತ್ತಾಳೆ.