ಬೂದಿ ಬಣ್ಣದ ಅಕ್ಷರ

ಕೇರಳದ ಗಡಿಯೂರು ನೂಲ್ಪುಳದ ವಾಚನಾಲಯದ ಕಂಪ್ಯೂಟರಿನಲ್ಲಿ ಕನ್ನಡ ಓದಲು ಕಲಿಸುವ ಒಂದು ತಂತ್ರಾಂಶವಿತ್ತು. ಅದನ್ನು ಮಾಡಿದ ಸಣ್ಣ ಗುಂಪಿನಲ್ಲಿ ನಾನೂ ಒಬ್ಬಳು. ಉಳಿದವರೆಲ್ಲ ದೂರದ ಊರುಗಳವರು. ವಾಚನಾಲಯಕ್ಕೆ ಹೋಗಿಬರುತ್ತಿದ್ದವಳು ನಾನೊಬ್ಬಳೇ.

ಅಲ್ಲಿ ಕಲಿಯಲು ಕಾಡಂಚಿನ ಆದಿವಾಸಿ ಹಾಡಿಯಿಂದ ಒಬ್ಬ ಅಕ್ಕ ಬರುತ್ತಿದ್ದರು. ಕಾಡಿಗೆ ಬೆಂಕಿ ಹರಡದಂತೆ ಪೊದೆ ಸವರುವ ಕೂಲಿ ಅವರದು. ಐವತ್ತರ ಹತ್ತಿರದಲ್ಲಿ ಅಕ್ಷರ ಹಿಡಿದಿದ್ದರು. ಕೆನೆಬಣ್ಣದ ಪರದೆಯ ಮೇಲಿನ ದಪ್ಪ ಕಪ್ಪು ಅಕ್ಷರಗಳಿಗೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಿದ್ದರು. ನನ್ನನ್ನು ಮಲಯಾಳದಲ್ಲಿ 'ಮೋಳೇ', ಮಗಳೇ, ಎಂದು ಕರೆಯುತ್ತಿದ್ದರು. 'ಆನೆ' ಎಂದು ಮೊದಲ ಸಲ ಓದಿದ ದಿನ ನಕ್ಕಿದ್ದರು. "ಅಷ್ಟು ದೊಡ್ಡದಕ್ಕೆ ಎರಡೇ ಅಕ್ಷರವಾ ಮೋಳೇ?"

ಹೊಸ ಆವೃತ್ತಿ ತರುವಾಗ, ತೆರೆದ ಕೂಡಲೇ ಕಾಣುವ ಬಣ್ಣ ಯಾವುದಿರಬೇಕೆಂದು ಗುಂಪಿನಲ್ಲಿ ಚರ್ಚೆಯಾಯಿತು. ಹೆಚ್ಚಿನವರಿಗೆ ಕಡುನೀಲಿಯ ಮೇಲೆ ತೆಳ್ಳನೆಯ ಬೂದಿ ಅಕ್ಷರ ಹಿಡಿಸಿತು. ನಮ್ಮಲ್ಲಿನ ಪರದೆ ಹಳೆಯದು, ಕಿಟಕಿಯ ಬಿಸಿಲು ನೇರ ಬೀಳುತ್ತದೆ, ಇದು ಕಾಣುವುದಿಲ್ಲ ಎಂದೆ.

"ಬೇಡದವರು ಸೆಟ್ಟಿಂಗ್ಸಿನಲ್ಲಿ ಬದಲಾಯಿಸಿಕೊಳ್ಳಲಿ," ಎಂದರು.

ಈಗಷ್ಟೇ ಅಕ್ಷರ ಕಲಿತವರು ಅದನ್ನು ಎಲ್ಲಿ ಹುಡುಕುತ್ತಾರೆ ಎಂದು ಕೇಳಿದೆ. ಕೊನೆಗೆ ಬೂದಿ ಬಣ್ಣವೇ ಖಾಯಂ ಆಯಿತು.

ಹೊಸದು ತಾನಾಗಿಯೇ ಬಂದು ಕೂತಾಗ ನಾನು ಜ್ವರದಲ್ಲಿ ಮಲಗಿದ್ದೆ. ಎದ್ದು ಹೋಗುವಷ್ಟರಲ್ಲಿ ಅಕ್ಕ ಬರುವುದನ್ನೇ ಬಿಟ್ಟಿದ್ದರು. ಬಣ್ಣವನ್ನು ಮೊದಲಿನಂತೆ ಮಾಡಿ ಅವರ ಮನೆಗೆ ಹೋದೆ.

"ಬರಲ್ಲ ಮೋಳೇ. ಎಲ್ಲಾ ಮರ್ತೋಯ್ತು. ಕೂತು ಕೂತು ನೋಡ್ದೆ, ಒಂದಕ್ಷರಾನೂ ಸಿಕ್ಕಲಿಲ್ಲ. ಅಲ್ಲಿದ್ದೋರು ನಗಾಡಿದ್ರು."

"ನೀವು ಮರೆತಿಲ್ಲ ಅಕ್ಕಾ, ಬಣ್ಣದ್ದೇ ತಪ್ಪು. ಸರಿ ಮಾಡಿದ್ದೀನಿ, ಬಂದು ನೋಡಿ."

"ಸಾರಮಿಲ್ಲ, ಪರ್ವಾಗಿಲ್ಲ," ಎಂದು ಅವರು ನನ್ನನ್ನೇ ಸಮಾಧಾನಪಡಿಸಿದರು. "ನಮ್ಮಂಥೋರ ತಲೇಲಿ ಅದು ನಿಲ್ಲಲ್ಲ. ನೀನು ಬೇಜಾರಾಗ್ಬೇಡ."

ಆಮೇಲೂ ಹೋದೆ. ಚಹಾ ಕೊಟ್ಟರು, ಬರಲಿಲ್ಲ. ನಡೆದದ್ದನ್ನು ಗುಂಪಿಗೆ ಬರೆದೆ. ಒಬ್ಬರು ಅಳುವ ಮುಖದ ಎಮೋಜಿ ಕಳಿಸಿದರು. ಬಣ್ಣ ಬದಲಾಗಲಿಲ್ಲ. ಪ್ರತಿ ಹೊಸ ಆವೃತ್ತಿಯೂ ನಾನು ತಿದ್ದಿದ್ದನ್ನು ಅಳಿಸುತ್ತದೆ, ಮತ್ತೆ ಹೋಗಿ ತಿದ್ದುತ್ತೇನೆ. ಯಾರಿಗಾಗಿ ಎಂದು ನನಗೇ ಗೊತ್ತಿಲ್ಲ.

ಮೊನ್ನೆ ಪಕ್ಕದ ಪೇಟೆ ಬತ್ತೇರಿಯ ಬಸ್‌ನಿಲ್ದಾಣದಲ್ಲಿ ಅಕ್ಕನನ್ನು ದೂರದಿಂದ ಕಂಡೆ. ಕರ್ನಾಟಕದ ಬಸ್ಸು ಬಂದು ನಿಂತಿತು. ಅದರ ಹಣೆಯ ಬಿಳಿ ಹಲಗೆಯಲ್ಲಿ ಕಪ್ಪಗೆ, ದಪ್ಪಗೆ, ಕನ್ನಡದಲ್ಲೇ 'ಗುಂಡ್ಲುಪೇಟೆ' ಎಂದಿತ್ತು. ಅಕ್ಕ ತಲೆಯೆತ್ತಿ ನೋಡಲೇ ಇಲ್ಲ.

"ಇದು ಗುಂಡ್ಲುಪೇಟೆಗಾ ಸಾರೇ?" ಎಂದು ಕಂಡಕ್ಟರನ್ನು ಕೇಳಿ ಹತ್ತಿದರು.