ಕೆರೆ ಕಟ್ಟಿಸಿದವಳು

ಎಂಬತ್ತರ ದಶಕದ ನಡುವೆ, ಮಗಳು ಸ್ಕೂಲಿಗೆ ಸೇರಿದ ಮೇಲೆ, ನಾನು ಅಮೆರಿಕದ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿನಿಂದ ಯೂನಿವರ್ಸಿಟಿಗೆ ಹೋಗಿ ಹಿಸ್ಟರಿ ಎಂ.ಎ. ಓದಲು ಶುರುಮಾಡಿದೆ. ಮೀಡೀವಲ್ ಮತ್ತು ಅರ್ಲಿ ಮಾಡರ್ನ್ ನನ್ನ ವಿಷಯ. ಸೆಮಿನಾರಿನಲ್ಲಿ ಉಳಿದವರೆಲ್ಲ ಲ್ಯಾಟಿನ್ನು, ಪರ್ಷಿಯನ್ನು ಬಲ್ಲವರು. ಒಂದು ದಿನ ಪ್ರೊಫೆಸರ್ ಹಳೆಯ ಶಾಸನವೊಂದರ ಅಚ್ಚಾದ ಪ್ರತಿಯನ್ನು ನನ್ನ ಮುಂದಿಟ್ಟು, "ನಿನ್ನ ಭಾಷೆಯಲ್ಲವೇ? ಮುಂದಿನ ವಾರ ಟ್ರಾನ್ಸ್‌ಲೇಟ್ ಮಾಡಿಕೊಂಡು ಬಾ" ಎಂದರು.

ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕಾನ್ವೆಂಟಿನಲ್ಲಿ ಬೆಳೆದವಳು ನಾನು. ಎರಡು ಸಾಲೂ ಅರ್ಥವಾಗಲಿಲ್ಲ. ಆದರೂ "ಷ್ಯೂರ್" ಎಂದೆ.

ಆಗ ನಮ್ಮಲ್ಲಿಗೆ ಬಂದಿದ್ದ ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮೈಸೂರಿನಲ್ಲಿ ಅವರ ತಂದೆ ದಿನಾ ಸಂಜೆ ಹಳೆಯ ಕಾವ್ಯ ಓದಿಸಿ ಅರ್ಥ ಹೇಳುತ್ತಿದ್ದರಂತೆ. ಹುರುಳಿಕಾಯಿ ಸೋಸುತ್ತಲೇ ಅತ್ತೆ ಇಡೀ ಶಾಸನವನ್ನು ಬಿಡಿಸಿ ಹೇಳಿದರು: ಒಬ್ಬಾಕೆ, ಆಕೆಯ ಗಂಡ, ಅವನು ಕಟ್ಟಿಸಿದ ಕೆರೆ. ನಾನು ಇಂಗ್ಲಿಷಿನಲ್ಲಿ ಬರೆದುಕೊಂಡೆ. ಕ್ಲಾಸಿನಲ್ಲಿ ಓದಿದಾಗ ಪ್ರೊಫೆಸರ್ "ಬ್ಯೂಟಿಫುಲ್ ವರ್ಕ್" ಎಂದರು. ಅತ್ತೆಯ ಹೆಸರನ್ನು ನಾನು ಎತ್ತಲಿಲ್ಲ.

"ಗುರುಗಳನ್ನ ಒಂದ್ಸಲ ಊಟಕ್ಕೆ ಕರೀಬೇಕು ಕಣೆ" ಎಂದು ಅತ್ತೆಯೇ ಒತ್ತಾಯಿಸಿ ಅವರನ್ನು ಕರೆಸಿದರು. ಊಟದ ನಡುವೆ ಪ್ರೊಫೆಸರ್ ಅತ್ತೆಯತ್ತ ನೋಡಿ, "ಇವರೂ ಹಳೆಯ ಕನ್ನಡ ಓದುತ್ತಾರೆಯೇ?" ಎಂದು ಕೇಳಿದರು.

"ಓ ನೋ, ಷಿ ನೆವರ್ ರಿಯಲಿ ವೆಂಟ್ ಟು ಸ್ಕೂಲ್" ಎಂದು ನಕ್ಕುಬಿಟ್ಟೆ.

"ಏನಂದ್ರು ಅವ್ರು?" ಅತ್ತೆ ಕೇಳಿದರು.

"ನಿಮ್ಮ ಸಾರು ಚೆನ್ನಾಗಿದೆಯಂತೆ."

"ಅದಿರ್ಲಿ. ಆ ಶಾಸನದಲ್ಲಿ ನಾನೊಂದು ತಪ್ಪು ಹೇಳ್ಬಿಟ್ಟೆ ಕಣೆ. ಕೆರೆ ಕಟ್ಸಿದ್ದು ಗಂಡ ಅಂದಿದ್ನಲ್ಲ, ಅಲ್ಲ, ಆಕೇನೇ ಕಟ್ಸಿದ್ದು. ಇವ್ರಿಗೆ ಹೇಳ್ಬಿಡು. ಪಾಪ, ಎಲ್ಲಾದ್ರೂ ಬರ್ದ್‌ಗಿರ್ದಾರು."

ಪ್ರೊಫೆಸರ್ ಚಮಚ ಹಿಡಿದು ಕಾಯುತ್ತಿದ್ದರು. ಹೇಳಿದ್ದರೆ, ಓದಿದ್ದು ಯಾರೆಂದು ಅಲ್ಲೇ ಬಯಲಾಗುತ್ತಿತ್ತು. ನೀವು ಬಂದದ್ದು ಅತ್ತೆಗೆ ತುಂಬಾ ಸಂತೋಷವಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಪ್ರೊಫೆಸರ್ ಕೈಮುಗಿದರು. ವಿಷಯ ತಲುಪಿತೆಂದುಕೊಂಡು ಅತ್ತೆಯೂ ಮುಗಿದರು.

ಮರುವರ್ಷ ಆ ಶಾಸನದ ಬಗ್ಗೆ ಪ್ರೊಫೆಸರರ ಲೇಖನ ಅಚ್ಚಾಯಿತು. ಅದರಲ್ಲಿ ಕೆರೆ ಕಟ್ಟಿಸಿದವನು ಗಂಡ. ಕೆಳಗೆ ಫುಟ್‌ನೋಟಿನಲ್ಲಿ ನನಗೆ ಥ್ಯಾಂಕ್ಸ್. ಅಷ್ಟರಲ್ಲಿ ಊರಿಗೆ ಮರಳಿದ್ದ ಅತ್ತೆ ಫೋನಿನಲ್ಲಿ ಕೇಳಿದರು, "ಅದನ್ನ ಸರಿಮಾಡಿದ್ರೇನೆ?"

"ಹೂಂ, ಮಾಡಿದ್ರು."

"ಸದ್ಯ! ನೀನು ಹೇಳಿದ್ದು ಒಳ್ಳೇದಾಯ್ತು."

ಆಮೇಲೂ ಅತ್ತೆ ಹನ್ನೊಂದು ವರ್ಷ ಬದುಕಿದ್ದರು. ಪ್ರೊಫೆಸರಿಗೆ ಒಂದು ಲೆಟರ್ ಹಾಕಿದ್ದರೆ ಸಾಕಿತ್ತು. ನಾನು ಹಾಕಲಿಲ್ಲ.